ಬ್ಯಾಟರಿ ಇಳಿಸಿದವಳು

ಮಾರ್ಚ್ 3, ಸೋಮವಾರ

ಇವತ್ತು ಅಪ್ಪನ ಕಾರಿಗೆ ಒಂದು ಕಾಯಿಲೆ ಅಂಟಿಸಿದೆ.

ಮಧ್ಯಾಹ್ನ ಅಪ್ಪ ಮಲಗಿದ್ದಾಗ ಗ್ಯಾರೇಜಿನ ಬಾಗಿಲನ್ನು ಒಳಗಿಂದ ಹಾಕಿಕೊಂಡು, ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ತೂರಿಕೊಂಡು ಕೆಲಸ ಮುಗಿಸಿದೆ. ಸೀಟಿನ ಕಂಬಿ ಬೆನ್ನಿಗೆ ಒತ್ತಿ ಈಗಲೂ ನೋಯುತ್ತಿದೆ. ಲಿಫ್ಟು ರಿಪೇರಿಯ ನನ್ನ ಕೆಲಸದಲ್ಲಿ ಹಳೆಯ ಲಿಫ್ಟೊಂದರಿಂದ ಬಿಚ್ಚಿದ ಟೈಮರ್ ರಿಲೇ, ಹೊತ್ತು ಎಣಿಸುವ ಸ್ವಿಚ್ಚು, ನನ್ನ ಹತ್ತಿರವಿತ್ತು. ಕಾರು ನಿಂತು ನಾಲ್ಕೈದು ಗಂಟೆಯಾದ ಮೇಲೆ ಅದು ತಾನಾಗಿ ಕೂಡಿಕೊಂಡು, ಬ್ಯಾಟರಿಯ ಕರೆಂಟನ್ನು ಒಂದು ದಪ್ಪ ರೆಸಿಸ್ಟರಿಗೆ ಹರಿಯಬಿಡುತ್ತದೆ. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. ಕೀಲಿ ತಿರುಗಿಸಿದರೆ ಟೈಮರು ಮತ್ತೆ ಮೊದಲಿಂದ ಎಣಿಸುತ್ತದೆ. ಹಗಲು ಹೊತ್ತು ಯಾರು ಮೀಟರ್ ಹಿಡಿದರೂ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕೆಲಸ ಅಚ್ಚುಕಟ್ಟಾಗಿ ಬಂತು. ಅಚ್ಚುಕಟ್ಟಾಗಿ ಬಂತೆಂದು ಒಂದು ಕ್ಷಣ ಖುಷಿಯೂ ಆಯಿತು. ಅದನ್ನೂ ಬರೆದಿಡುತ್ತೇನೆ.

ಬೇರೆ ದಾರಿ ಇರಲಿಲ್ಲ. ಹೋದ ತಿಂಗಳು ಅಪ್ಪ ಶಾಲೆಯ ಬೀದಿಯಲ್ಲಿ ಕಾರನ್ನು ಫುಟ್‌ಪಾತಿನ ಮೇಲೆ ಹತ್ತಿಸಿದ. ಕೂಸಿನ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಹೆಂಗಸಿಗೆ ಒಂದು ಗೇಣಿನಲ್ಲಿ ತಪ್ಪಿತು. ಮನೆಗೆ ಬಂದು, ಬ್ರೇಕು ಸ್ವಲ್ಪ ಹಿಡೀತಿದೆ ಕಣೇ ಎಂದನಷ್ಟೆ. ನಡೆದದ್ದನ್ನು ನಮಗೆ ಫೋನ್ ಮಾಡಿ ಹೇಳಿದವನು ಅಲ್ಲಿನ ಕಾಗದ ಪೆನ್ನಿನ ಅಂಗಡಿಯವನು. ಅಣ್ಣ ಅಪ್ಪನನ್ನು ಡಾಕ್ಟರಲ್ಲಿಗೆ ಕರೆದೊಯ್ದ. ನೆನಪು ಕೈಕೊಡಲು ಶುರುವಾಗಿದೆ, ಇನ್ನು ಗಾಡಿ ಓಡಿಸುವುದು ಬೇಡ ಎಂದು ಡಾಕ್ಟರು ಅಣ್ಣನನ್ನು ಪಕ್ಕಕ್ಕೆ ಕರೆದು ಹೇಳಿದರಂತೆ. ಅಪ್ಪನಿಗೆ ನಾವು ಹೇಳಿದ್ದು, ವಯಸ್ಸಿನ ಸುಸ್ತು, ಶಕ್ತಿಗೆ ಮಾತ್ರೆ ಕೊಟ್ಟಿದ್ದಾರೆ ಅಂತ.

ಕೀಲಿ ಕಿತ್ತುಕೊಂಡರೆ ಅಪ್ಪನಿಗೆ ಅವಮಾನ. ಕಾರೇ ಕೈಕೊಟ್ಟರೆ ಯಾರಿಗೂ ಅವಮಾನವಿಲ್ಲ. ಇದು ಅಣ್ಣನ ಮಾತು. ಅಮ್ಮ ಒಪ್ಪಿದಳು. ನಾನು ವೈರು ಎಳೆದೆ.

ಮಾರ್ಚ್ 4, ಮಂಗಳವಾರ

ಬೆಳಗ್ಗೆ ಅಪ್ಪ ಕೀಲಿ ತಿರುಗಿಸಿದ ಸದ್ದು ಅಡುಗೆಮನೆಗೆ ಕೇಳಿಸಿತು. ಟಿಕ್ ಅಂದಿತು, ಅಷ್ಟೇ. ಮತ್ತೊಮ್ಮೆ ಟಿಕ್. ಅಮ್ಮ ನನ್ನ ಮುಖ ನೋಡಿದಳು. ನಾನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದೆ.

ಅಪ್ಪ ಬೇಸರ ಮಾಡಿಕೊಳ್ಳುತ್ತಾನೆ, ಒಂದೆರಡು ದಿನ ಗೊಣಗಿ ಬಿಟ್ಟುಬಿಡುತ್ತಾನೆ ಎಂದುಕೊಂಡಿದ್ದೆವು. ಅಪ್ಪ ಕಣ್ಣರಳಿಸಿಕೊಂಡು ಒಳಗೆ ಬಂದ. ಜೀವಮಾನವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸತ್ತ ಲೈನು ಹುಡುಕಿದ ಮನುಷ್ಯ, ಕೆಟ್ಟುಹೋದ ವಸ್ತು ಕಂಡರೆ ಅವನಿಗೆ ಹಬ್ಬವೆಂಬುದನ್ನು ನಾವು ಮೂವರೂ ಮರೆತಿದ್ದೆವು. ಎಲ್ಲೋ ಕರೆಂಟು ಸೋರ್ತಿದೆ, ಶನಿವಾರ ರಜೆ ತಾನೆ, ನಿನ್ನ ಮೀಟರ್ ತಗೊಂಡು ಬಾ, ಇಬ್ಬರೂ ಕೂತು ಹಿಡಿಯೋಣ ಎಂದ.

ಆಗಲಿ ಎಂದೆ.

ಮಾರ್ಚ್ 8, ಶನಿವಾರ

ಇಡೀ ದಿನ ಗ್ಯಾರೇಜಿನಲ್ಲಿ.

ಮಡಚುವ ಬಟ್ಟೆಯ ಮಾಡು ಇಳಿಸಿ, ಉದ್ದ ಮೂತಿಯ ಮುಚ್ಚಳ ಎತ್ತಿ, ಅಪ್ಪ ಆ ಕೆಂಪು ಕಾರಿನ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಎರಡೇ ಸೀಟಿನ ಈ ಸ್ಪೋರ್ಟ್ಸ್ ಕಾರು ನಾನು ಹುಟ್ಟುವುದಕ್ಕೂ ಮೊದಲೇ ಈ ಮನೆಗೆ ಬಂದದ್ದು. ಅಮ್ಮ ಅದನ್ನು ಕರೆಯುವುದೇ ಸವತಿ ಎಂದು. ಮದುವೆಯಾದ ಹೊಸದರಲ್ಲಿ ಅಪ್ಪ ಅದರ ಜತೆ ಕಳೆದಷ್ಟು ಹೊತ್ತು ತನ್ನ ಜತೆ ಕಳೆಯಲಿಲ್ಲವಂತೆ.

ಅಪ್ಪ ಬ್ಯಾಟರಿಯ ಕಪ್ಪು ತಂತಿ ಬಿಚ್ಚಿ, ತಂತಿಗೂ ಬ್ಯಾಟರಿಗೂ ನಡುವೆ ಮೀಟರ್ ಸೇರಿಸಿದ. ಎಲ್ಲ ಆರಿಸಿದ ಮೇಲೂ ಮುಳ್ಳು ಮೇಲೆದ್ದರೆ ಸೋರಿಕೆ ಇದೆ ಎಂದರ್ಥ. ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಹೋಗಬೇಕು. ಯಾವುದನ್ನು ಕಿತ್ತಾಗ ಮುಳ್ಳು ಬೀಳುತ್ತದೋ ಅಲ್ಲಿ ಕಳ್ಳ. ಇದನ್ನೆಲ್ಲ ಅಪ್ಪ ನನಗೆ ಹೊಸದಾಗಿ ಹೇಳಿಕೊಟ್ಟ. ನಾನು ಫ್ರಾಕು ಹಾಕುವ ವಯಸ್ಸಿನಲ್ಲೇ ಹೇಳಿಕೊಟ್ಟಿದ್ದ. ಇವತ್ತೂ ತಲೆಯಾಡಿಸುತ್ತ ಕೇಳಿದೆ.

ಮುಳ್ಳು ಏಳಲೇ ಇಲ್ಲ. ಹೇಗೆ ಏಳುತ್ತದೆ? ತಂತಿ ಬಿಚ್ಚಿದಾಗಲೆಲ್ಲ ಟೈಮರು ಮತ್ತೆ ಮೊದಲಿಂದ ಎಣಿಸುತ್ತಿತ್ತು. ಅಪ್ಪ ಮೀಟರನ್ನು ತಟ್ಟಿದ, ತಂತಿ ಬದಲಾಯಿಸಿದ, ನನ್ನ ಮೀಟರನ್ನೇ ಅನುಮಾನಿಸಿ ತನ್ನ ಹಳೆಯದನ್ನು ತಂದ. ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಬಿಚ್ಚಿ ನೋಡಿದ. ಅದೂ ಸರಿಯಿದೆ.

"ಹಗಲೆಲ್ಲ ಎಷ್ಟು ಸಭ್ಯಳ ಥರ ಇದಾಳೆ ನೋಡು. ರಾತ್ರಿ ಏನ್ ಮಾಡ್ತಾಳೋ" ಎಂದ ಅಪ್ಪ.

ಟೀ ತಂದ ಅಮ್ಮ, "ಸವತಿ ಬುದ್ಧಿ ಇಷ್ಟು ವರ್ಷದ ಮೇಲೆ ಗೊತ್ತಾಯ್ತಾ?" ಎಂದಳು. ಮೂವರೂ ನಕ್ಕೆವು. ನಾನೂ ನಕ್ಕೆ, ನನ್ನ ನಗು ಎಲ್ಲರಿಗಿಂತ ಜೋರಾಗಿತ್ತು. ಅಮ್ಮ ಟ್ರೇ ಹಿಡಿದು ಒಳಗೆ ಹೋದವಳು ಮತ್ತೆ ಗ್ಯಾರೇಜಿನ ಕಡೆ ಬರಲಿಲ್ಲ.

ಟಾರ್ಚು ಹಿಡಿದು ನಿಂತಿದ್ದ ನಾನು ಬೆಳಕನ್ನು ರಿಲೇ ಇದ್ದ ಮೂಲೆಗೆ ಬೀಳದ ಹಾಗೆ ಹಿಡಿದಿದ್ದೆ. ಅಪ್ಪ ಎರಡು ಸಲ, ಸ್ವಲ್ಪ ಎಡಕ್ಕೆ ಹಿಡಿ ಎಂದ. ಎರಡು ಸಲವೂ ಹಿಡಿದೆ, ಅರ್ಧ ಮಾತ್ರ.

ಮಾರ್ಚ್ 12, ಬುಧವಾರ

ಒಂದು ಆಫೀಸು ಕಟ್ಟಡದಲ್ಲಿ ಲಿಫ್ಟಿನ ವಾರ್ಷಿಕ ಪರೀಕ್ಷೆ. ಮುಗಿಸಿ, ಒಳಗಿನ ಕನ್ನಡಿಯ ಪಕ್ಕದ ಚೀಟಿಗೆ ಸಹಿ ಹಾಕಿ ಹೊರಬಂದೆ. ಕಾಯುತ್ತಿದ್ದ ಜನ ಮಾತಾಡುತ್ತಲೇ ಒಳಗೆ ಹೋದರು. ಯಾರೂ ಚೀಟಿ ನೋಡಲಿಲ್ಲ. ನೋಡುವ ಅಗತ್ಯವೇ ಇಲ್ಲವೆಂದು ಅವರಿಗೆ ಗೊತ್ತು. ಬಾಗಿಲು ಮುಚ್ಚುವವರೆಗೂ ಅಲ್ಲೇ ನಿಂತಿದ್ದೆ.

ಮನೆಯಲ್ಲಿ ಅಪ್ಪ ದಿನವೂ ಚಾರ್ಜರ್ ಹಾಕುತ್ತಾನೆ, ದಿನವೂ ಬೆಳಗ್ಗೆ ಟಿಕ್. ಉಪಾಯ ಕೆಲಸ ಮಾಡುತ್ತಿದೆಯಲ್ಲ, ಇನ್ನೇನು ಬೇಕು ಎಂದ ಅಣ್ಣ ಫೋನಿನಲ್ಲಿ. ಹೌದು ಎಂದೆ.

ಮಾರ್ಚ್ 16, ಭಾನುವಾರ

ಹೊಸ ಬ್ಯಾಟರಿ ಬಂತು. ಅಪ್ಪ ಬ್ಯಾಟರಿ ಅಂಗಡಿಗೆ ನಡೆದುಕೊಂಡೇ ಹೋಗಿ ಬಂದ. ಅಂಗಡಿಯವನು ಹಳೆಯದನ್ನು ಪರೀಕ್ಷೆ ಮಾಡಿ ಇದರಲ್ಲಿ ದೋಷವಿಲ್ಲ ಯಜಮಾನರೇ ಎಂದನಂತೆ. ಆದರೂ ಕೊಂಡ.

ಹಾಕುವ ಮೊದಲು ತಳದಿಂದ ನೋಡೋಣ ಎಂದು ಬ್ಯಾಟರಿಯ ಅರ್ಥ್ ತಂತಿಯನ್ನು ಕಾರಿನ ಮೈಗೆ ಕೂಡಿಸುವ ಬೋಲ್ಟು ಬಿಚ್ಚಿದೆವು. ಅಡಿಯೆಲ್ಲ ಹಸಿರು ತುಕ್ಕು. ನಿಜವಾದ ದೋಷ! ನನ್ನದಲ್ಲದ್ದು. ಅಪ್ಪ ಮಂಡಿಯೂರಿ ಕೂತು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಲೋಹ ಹೊಳೆಯುವ ಹಾಗೆ ಮಾಡಿದ. ಹೊಸ ಬ್ಯಾಟರಿ ಹಾಕಿದ ಮೇಲೆ ಹಿಂದಿನ ಡಿಕ್ಕಿಯಲ್ಲಿ ಇನ್ನೊಂದು. ಮುಚ್ಚಿದರೂ ಒಳಗಿನ ಪುಟ್ಟ ದೀಪ ಒಮ್ಮೊಮ್ಮೆ ಆರುತ್ತಿರಲಿಲ್ಲ, ಒತ್ತುಗುಂಡಿ ಅಂಟಿಕೊಳ್ಳುತ್ತಿತ್ತು. ಇದನ್ನು ಕಂಡುಹಿಡಿದದ್ದು ಅಪ್ಪ. ನನ್ನನ್ನು ಹೊರಗೆ ನಿಲ್ಲಿಸಿ, ತಾನು ಆ ಗೂಡಿನಂಥ ಡಿಕ್ಕಿಯಲ್ಲಿ ಮುದುಡಿಕೊಂಡು ಮುಚ್ಚಳ ಹಾಕಿಸಿಕೊಂಡ. ಒಳಗಿಂದ, "ಉರೀತಿದೆ, ಉರೀತಿದೆ, ತೆಗಿ" ಎಂದು ಕೂಗಿದ. ತೆಗೆದಾಗ ಬೆವರಿ ಕೆಂಪಾಗಿದ್ದ ಅವನ ಮುಖದಲ್ಲಿದ್ದ ಖುಷಿ ನೋಡಿ ನನಗೆ ಎಲ್ಲ ಮರೆತುಹೋಯಿತು. ನಿಜವಾಗಿ ಮರೆತಿದ್ದೆ. ಇಬ್ಬರೂ ಕೈ ಕೈ ತಟ್ಟಿಕೊಂಡೆವು.

"ಸಿಕ್ಕಿಬಿಟ್ಟ ಕಳ್ಳ" ಎಂದು ಅಪ್ಪ ಮನೆಯೊಳಗೆಲ್ಲ ಹೇಳಿಕೊಂಡು ಓಡಾಡಿದ. ಅಣ್ಣನಿಗೆ ಫೋನ್ ಮಾಡಿ ವಿವರಿಸಿದ. ನಾಳೆ ಬೆಳಗ್ಗೆ ಅಮ್ಮನನ್ನು ಕೂರಿಸಿಕೊಂಡು ಕೆರೆಯ ಏರಿಯವರೆಗೆ ಒಂದು ಸುತ್ತು ಹೋಗಿ ಬರುತ್ತಾನಂತೆ. ತನ್ನ ಅಂಗಿ ತಾನೇ ಇಸ್ತ್ರಿ ಮಾಡಿಕೊಂಡ.

ಮಾರ್ಚ್ 17, ಸೋಮವಾರ

ಟಿಕ್.

ಅಪ್ಪ ಇಸ್ತ್ರಿಯ ಅಂಗಿಯಲ್ಲಿ ಸ್ಟೀರಿಂಗ್ ಹಿಡಿದು ಕೂತೇ ಇದ್ದ. ಪಕ್ಕದಲ್ಲಿ ತಲೆಗೆ ಸ್ಕಾರ್ಫು ಕಟ್ಟಿಕೊಂಡ ಅಮ್ಮ. ಇಳಿಯಬೇಕೋ ಕೂತಿರಬೇಕೋ ಗೊತ್ತಾಗದೆ ಅವಳು ಕೈಚೀಲದ ಕೊಂಡಿ ತೆಗೆಯುತ್ತ ಹಾಕುತ್ತ ಇದ್ದಳು.

ನೆನ್ನೆ ಒಂದು ರಾತ್ರಿಯ ಮಟ್ಟಿಗೆ ಟೈಮರಿನ ತಂತಿ ಕಳಚಿಡಬಹುದಿತ್ತು. ಕೆರೆಯವರೆಗೆ ನಾನೇ ಜತೆಗೆ ಹೋಗಬಹುದಿತ್ತು. ಹೊಳೆಯಲಿಲ್ಲ ಎಂದು ಬರೆಯಲು ಪೆನ್ನೆತ್ತಿದೆ. ಹೊಳೆದಿತ್ತು.

ಮಾರ್ಚ್ 22, ಶನಿವಾರ

ಅಪ್ಪ ಈ ವಾರ ನನ್ನನ್ನು ಕರೆಯಲಿಲ್ಲ. ನಾನೇ ಹೋದೆ. ಮೀಟರು ಪೆಟ್ಟಿಗೆಯಲ್ಲಿ ಹಾಗೇ ಇತ್ತು. ಅಪ್ಪ ಕಾರಿನೊಳಗೆ ಕೂತು ಹೆಡ್‌ಲೈಟಿನ ಸ್ವಿಚ್ಚು ಆರಿಸಿದೆಯೇ ಎಂದು ಮುಟ್ಟಿ ನೋಡುತ್ತಿದ್ದ. ಬಾಗಿಲು ಹಾಕಿ ಹೊರಬಂದ, ಮತ್ತೆ ತೆಗೆದು ಮುಟ್ಟಿ ನೋಡಿದ.

ಮಧ್ಯಾಹ್ನ ಅಮ್ಮನನ್ನು ಅಪ್ಪ ಮೆಲ್ಲಗೆ ಕೇಳಿದನಂತೆ, ರಾತ್ರಿ ತಾನು ನಿದ್ದೆಗಣ್ಣಲ್ಲಿ ಎದ್ದು ಗ್ಯಾರೇಜಿಗೆ ಹೋಗುವುದನ್ನು ಅವಳೇನಾದರೂ ನೋಡಿದ್ದಾಳೆಯೇ ಎಂದು. ಅಮ್ಮ ಇಲ್ಲವೆಂದಳಂತೆ. ಮತ್ತೆ ದೀಪ ಹಾಕಿ ಬರ್ತಿರೋರು ಯಾರು ಎಂದನಂತೆ. ಇದನ್ನು ಹೇಳುವಾಗ ಅಮ್ಮ ಪಾತ್ರೆ ಉಜ್ಜುತ್ತಿದ್ದಳು. ಉಜ್ಜಿದ್ದನ್ನೇ ಮತ್ತೆ ಉಜ್ಜುತ್ತಿದ್ದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮಾತಾಡುವುದನ್ನು ಕಲಿತುಬಿಟ್ಟಿದ್ದೇವೆ.

ಅಣ್ಣನಿಗೆ ಹೇಳಿದೆ. ಸ್ವಲ್ಪ ದಿನ ತಡೆದುಕೋ, ತಾವಾಗೇ ಕೈಬಿಡ್ತಾರೆ ಎಂದ. ಅವನ ದನಿಯಲ್ಲೂ ದಮ್ಮಿರಲಿಲ್ಲ.

ಮಾರ್ಚ್ 27, ಗುರುವಾರ

ಅಪ್ಪ ಕಂಡುಹಿಡಿದ.

ಕೆಲಸದಲ್ಲಿದ್ದಾಗ ಅಮ್ಮನ ಫೋನು. ಬೇಗ ಬಾ ಎಂದಳು, ಏನಾಯಿತೆಂದು ಹೇಳಲಿಲ್ಲ. ಬಂದು ನೋಡಿದರೆ ಗ್ಯಾರೇಜಿನಲ್ಲಿ ಅಪ್ಪ ಸ್ಟೂಲಿನ ಮೇಲೆ. ಎದುರಿಗೆ ಕಾರಿನ ಡ್ಯಾಶ್‌ಬೋರ್ಡು ಅರ್ಧ ಕಳಚಿ ನೇತಾಡುತ್ತಿತ್ತು.

ಅವನು ಮಾಡಿದ್ದು ಇಷ್ಟೇ. ಮೀಟರಿನ ಬದಲು ಬ್ಯಾಟರಿಯ ತಂತಿಗೆ ಒಂದು ಸಣ್ಣ ಬಲ್ಬು ಸೇರಿಸಿ, ಬೆಳಗ್ಗೆಯಿಂದ ಅದರ ಮುಂದೆ ಕೂತಿದ್ದಾನೆ. ಊಟಕ್ಕೂ ಏಳಲಿಲ್ಲ, ತಟ್ಟೆ ಅಲ್ಲಿಗೇ ತರಿಸಿಕೊಂಡ. ಕಳ್ಳ ಹೊತ್ತು ನೋಡಿ ಬರುವವನಾದರೆ ತಾನು ಕಾಯುವುದೇ ಸರಿ ಎಂದು ಲೆಕ್ಕ ಹಾಕಿದ್ದಾನೆ. ಮಧ್ಯಾಹ್ನ ಕಳೆಯುತ್ತಿದ್ದಂತೆ ಬಲ್ಬು ತಾನಾಗಿ ಹೊತ್ತಿಕೊಂಡಿದೆ. ಫ್ಯೂಸುಗಳನ್ನೆಲ್ಲ ಕಿತ್ತರೂ ಆರಲಿಲ್ಲ. ಹಾಗಾದರೆ ಫ್ಯೂಸಿಗಿಂತ ಮುಂಚಿನ ತಂತಿಯಲ್ಲೇ ಇದೆ ಎಂದು ಕಂದು ವೈರನ್ನು ಬೆರಳಲ್ಲಿ ಸವರುತ್ತ ಸವರುತ್ತ ಹೋಗಿದ್ದಾನೆ.

ನೆನಪು ಕೈಕೊಡುತ್ತಿರುವ ಮನುಷ್ಯ ಮಾಡಿದ ಕೆಲಸ ಇದು. ನನ್ನ ಸಹೋದ್ಯೋಗಿಗಳಲ್ಲಿ ಯಾರಿಗೂ ಇಷ್ಟು ತಾಳ್ಮೆ ಇಲ್ಲ.

ನಾನು ಬಾಗಿಲಲ್ಲೇ ನಿಂತೆ. ಈಗ ಕೇಳುತ್ತಾನೆ, ಈಗ ಬೈಯುತ್ತಾನೆ ಎಂದು ಕಾದೆ. ಬೈದರೆ ಸಾಕು ಅನ್ನಿಸಿತ್ತು. ಅಪ್ಪ ಅಂಗೈಯಲ್ಲಿದ್ದ ರಿಲೇ ನನ್ನ ಕಡೆ ಚಾಚಿದ. ಅದರ ವೈರುಗಳಿಗೆ ಮೇಣದ ದಾರ ಸುತ್ತಿ ಅಂಗುಲಕ್ಕೊಂದು ಗಂಟು ಹಾಕಿತ್ತು. ಹಳೆಯ ಎಕ್ಸ್‌ಚೇಂಜಿನವರು ವೈರಿನ ಕಟ್ಟು ಬಿಗಿಯುತ್ತಿದ್ದ ರೀತಿ ಅದು. ಈಗ ಯಾರೂ ಹಾಗೆ ಬಿಗಿಯುವುದಿಲ್ಲ, ಎಲ್ಲರೂ ಪ್ಲಾಸ್ಟಿಕ್ ಪಟ್ಟಿ ಎಳೆಯುತ್ತಾರೆ. ನನ್ನ ಕೈ ಅಭ್ಯಾಸಬಲದಿಂದ ಮಾಡಿಬಿಟ್ಟಿತ್ತು.

"ಇದು ನನ್ನ ಕಟ್ಟು ಮಗಳೇ" ಎಂದ ಅಪ್ಪ. "ನಾನೇ ಹಾಕಿದೀನಿ. ಯಾವಾಗ ಹಾಕಿದೆ, ಯಾಕೆ ಹಾಕಿದೆ, ಒಂದೂ ಜ್ಞಾಪಕ ಬರ್ತಿಲ್ಲ."

ನಾನು ರಿಲೇ ತೆಗೆದುಕೊಂಡು ಜೇಬಿಗೆ ಹಾಕಿಕೊಂಡೆ.

ಅಪ್ಪ ಎದ್ದು ಒಳಗೆ ಹೋಗಿ ಕಾರಿನ ಕೀಲಿಯನ್ನು ಅಮ್ಮನ ಕೈಗೆ ಕೊಟ್ಟ. "ನೀನೇ ಇಟ್ಕೋ. ನಾನು ಕೇಳಿದ್ರೂ ಕೊಡಬೇಡ" ಎಂದ.

ಮಾರ್ಚ್ 28, ಶುಕ್ರವಾರ

ಅಣ್ಣ ಫೋನ್ ಮಾಡಿದ. ನಮಗೆ ಬೇಕಾದದ್ದೇ ಆಯಿತು, ಅದೂ ತಾವಾಗಿ ಕೊಟ್ಟರು, ಇನ್ನು ನೀನು ಬಾಯಿಗೆ ಬೀಗ ಹಾಕಿಕೊಂಡಿರು ಎಂದ.

ಹಾಕಿಕೊಂಡಿದ್ದೇನೆ.

ಏಪ್ರಿಲ್ 2, ಬುಧವಾರ

ಅಪ್ಪ ಗ್ಯಾಸಿನ ಒಲೆ ಹಚ್ಚುವುದನ್ನು ಬಿಟ್ಟಿದ್ದಾನೆ. ಬೆಳಗಿನ ಟೀ ಯಾವಾಗಲೂ ಅವನೇ ಮಾಡುತ್ತಿದ್ದದ್ದು. ಈಗ ಅಮ್ಮ ಏಳುವವರೆಗೆ ಕುರ್ಚಿಯಲ್ಲಿ ಕೈಕಟ್ಟಿ ಕೂತಿರುತ್ತಾನೆ. ಪತ್ರಿಕೆ ತರಲು ಮೂಲೆಯ ಅಂಗಡಿಗೂ ಹೋಗುವುದಿಲ್ಲ. ಗಡ್ಡ ಬೆಳೆದಿದೆ, ಬ್ಲೇಡು ಮುಟ್ಟುತ್ತಿಲ್ಲ. ಸ್ನಾನ ಆಯ್ತಾ ನನಗೆ ಎಂದು ಅಮ್ಮನನ್ನು ಕೇಳುತ್ತಾನೆ. ಅದು ಅವನಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದರೂ ತನ್ನ ಮಾತನ್ನು ತಾನು ನಂಬುತ್ತಿಲ್ಲ.

ಇಂದು ಮನೆಯ ಬಲ್ಬೊಂದು ಹೋಯಿತು. ಬದಲಾಯಿಸಲು ಅಪ್ಪ ನನ್ನನ್ನು ಕಾಯುತ್ತಿದ್ದ. ಸಂಜೆಯವರೆಗೆ ಕತ್ತಲೆಯ ಹಜಾರದಲ್ಲಿ, ಹೊಸ ಬಲ್ಬನ್ನು ಡಬ್ಬಿ ಸಮೇತ ತೊಡೆಯ ಮೇಲಿಟ್ಟುಕೊಂಡು.

ಡಾಕ್ಟರು ಹೇಳಿದ ಕಾಯಿಲೆ ಇಷ್ಟು ಬೇಗ ಇಷ್ಟು ತಿನ್ನುವುದಿಲ್ಲ. ಇದು ನಾನು ಇಟ್ಟದ್ದು.

ಏಪ್ರಿಲ್ 6, ಭಾನುವಾರ

ಹೇಳಿದೆ.

ಬೆಳಗಿನ ತಿಂಡಿಯ ಮೇಜಿನಲ್ಲಿ, ಅಪ್ಪ ಲೋಟ ಕೆಳಗಿಟ್ಟ ಕೂಡಲೇ. ಇನ್ನು ತಡ ಮಾಡಿದರೆ ಆಗದು ಎಂದು ಗೊತ್ತಿತ್ತು.

"ಅಪ್ಪಾ, ಆ ರಿಲೇ ಹಾಕಿದ್ದು ನೀನಲ್ಲ. ನಾನು."

ಅಪ್ಪ ನನ್ನನ್ನು ನೋಡಿ ನಕ್ಕ. ಎಷ್ಟು ಮೃದುವಾಗಿ ನಕ್ಕನೆಂದರೆ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ನನ್ನ ಸಮಾಧಾನಕ್ಕೆ ಹೇಳ್ತಿದೀಯ. ಬೇಡ ಬಿಡು. ಕಟ್ಟು ನೋಡಿದ್ನಲ್ಲ ನಾನು."

ಮಾಡಿದ ತಪ್ಪನ್ನು ಒಪ್ಪಿಕೊಳ್ಳುವುದು ಕಷ್ಟವೆಂದು ತಿಳಿದಿದ್ದೆ. ಒಪ್ಪಿಕೊಂಡರೂ ನಂಬದಿದ್ದರೆ ಏನು ಮಾಡಬೇಕೆಂದು ತಿಳಿದಿರಲಿಲ್ಲ. ಟೈಮರ್ ಯಾವ ಕಟ್ಟಡದ್ದು ಎಂದು ಹೇಳಿದೆ, ಅಮ್ಮ ಸಾಕ್ಷಿ ಎಂದೆ. ಅಮ್ಮ ತಲೆ ತಗ್ಗಿಸಿ ಹೌದೆಂದಳು. ಇಬ್ಬರೂ ಸೇರಿ ಮುದುಕನನ್ನು ಸಂತೈಸುತ್ತಿದ್ದಾರೆ ಎಂಬಂತೆ ಅಪ್ಪ ನೋಡುತ್ತಲೇ ಇದ್ದ.

ಕೊನೆಗೆ ರಿಲೇಯನ್ನೇ ತಂದು ಮೇಜಿನ ಮೇಲಿಟ್ಟು ಭೂತಕನ್ನಡಿ ಕೊಟ್ಟೆ. ನಾನು ಎಡಚಿ. ಅಪ್ಪ ಹೇಳಿಕೊಟ್ಟ ಗಂಟು ನನ್ನ ಕೈಯಲ್ಲಿ ತಿರುವುಮುರುವಾಗಿಯೇ ಬೀಳುವುದು. ಚಿಕ್ಕವಳಿದ್ದಾಗ ಇದಕ್ಕಾಗಿ ಎಷ್ಟು ಬೈಸಿಕೊಂಡಿದ್ದೇನೋ.

ಅಪ್ಪ ಒಂದು ಗಂಟು ನೋಡಿದ. ಇನ್ನೊಂದು ನೋಡಿದ. ದಾರದ ತುದಿಯನ್ನು ಉಗುರಿನಿಂದ ಎತ್ತಿ ನೋಡಿದ. ಬಹಳ ಹೊತ್ತು ಭೂತಕನ್ನಡಿ ಇಳಿಸಲಿಲ್ಲ. ಅದರ ಹಿಂದೆ ಅವನ ಕಣ್ಣು ದೊಡ್ಡದಾಗಿ, ನೀರಾಗಿ ಕಾಣುತ್ತಿತ್ತು.

"ಯಾಕೆ?" ಎಂದ.

ಎಲ್ಲ ಹೇಳಿದೆ. ಫುಟ್‌ಪಾತು, ಕೂಸಿನ ಗಾಡಿ, ಡಾಕ್ಟರು, ಶಕ್ತಿಯ ಮಾತ್ರೆ ಶಕ್ತಿಯದಲ್ಲ ಎಂಬುದು. ಹೇಳುತ್ತ ಹೋದಂತೆ ಅಪ್ಪನ ಮುಖದಿಂದ ಒಂದೊಂದೇ ದೀಪ ಆರುತ್ತ ಹೋಯಿತು. ನಿಲ್ಲಿಸಬೇಕೆನ್ನಿಸಿತು, ನಿಲ್ಲಿಸಲಿಲ್ಲ.

"ಮನೆಯೋರು ನಾಲ್ಕು ಜನ" ಎಂದ ಅಪ್ಪ. "ನನ್ನ ವಿಷಯ ಮೂರು ಜನಕ್ಕೆ ಗೊತ್ತು."

ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಜೋರಾಗಿ ಕೂಡ ಹಾಕಲಿಲ್ಲ.

ಏಪ್ರಿಲ್ 7, ಸೋಮವಾರ

ನನ್ನ ಜತೆ ಮಾತಿಲ್ಲ. ಅಮ್ಮನ ಜತೆಯೂ ಬೇಕಾದಷ್ಟು ಮಾತ್ರ. ಅಣ್ಣ ಸಂಜೆ ಬಂದ, ಹಾಳು ಮಾಡಿಬಿಟ್ಟೆ ಎಂದು ಹಜಾರದಲ್ಲಿ ನನ್ನ ಮೇಲೆ ಹಲ್ಲು ಕಡಿದ. ಆಮೇಲೆ ಅಪ್ಪನ ಕೋಣೆಯೊಳಗೆ ಹೋದ. ಹೊರಗೆ ಬಂದಾಗ ಅವನ ಕಣ್ಣು ಊದಿಕೊಂಡಿತ್ತು. ಶೂ ಹಾಕಿಕೊಂಡು ಹೋದ, ಲೇಸು ಕಟ್ಟಿಕೊಳ್ಳಲಿಲ್ಲ.

ಇಷ್ಟರ ಮಧ್ಯೆ ಒಂದು ವಿಷಯ. ಬೆಳಗಿನ ಟೀ ಅಪ್ಪ ಮಾಡಿದ್ದ. ಅಮ್ಮನಿಗೆ ಮತ್ತು ತನಗೆ. ನನ್ನ ಲೋಟ ಇರಲಿಲ್ಲ. ನನಗೆ ಅದು ತಕ್ಕದ್ದೇ.

ಏಪ್ರಿಲ್ 10, ಗುರುವಾರ

ಕೆಲಸದಿಂದ ಬಂದಾಗ ಅಪ್ಪ ಗಡ್ಡ ಹೆರೆದುಕೊಂಡು, ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. "ಎಲ್ಲಿ ಅಂತ ತೋರಿಸು" ಎಂದ. ಭಾನುವಾರದ ನಂತರ ನನಗೆ ಹೇಳಿದ ಮೊದಲ ಮಾತು.

ನಡೆದುಕೊಂಡು ಹೋದೆವು. ಶಾಲೆಯ ಬೀದಿಯಲ್ಲಿ ಫುಟ್‌ಪಾತಿನ ಅಂಚಿನ ಕಲ್ಲೊಂದು ಮುರಿದಿತ್ತು. ಪಕ್ಕದ ಕಂಬ ಸ್ವಲ್ಪ ವಾಲಿತ್ತು, ಅದರ ಬುಡದಲ್ಲಿ ಕೆಂಪು ಬಣ್ಣ ಗೀರಿತ್ತು. ಅಪ್ಪ ಬಗ್ಗಿ ಆ ಬಣ್ಣವನ್ನು ಬೆರಳಿನಿಂದ ಮುಟ್ಟಿದ. ತನ್ನ ಕಾರಿನ ಬಣ್ಣ ಅವನಿಗೆ ಗೊತ್ತಿಲ್ಲದ್ದೇ? ಪ್ರತಿ ವರ್ಷ ತಾನೇ ಮೇಣ ಹಚ್ಚಿ ಉಜ್ಜುವವನು.

ಅಂಗಡಿಯವನನ್ನು ಕೇಳಿದ, ಆ ಹೆಂಗಸು ಯಾರು, ಎಲ್ಲಿ ಸಿಗುತ್ತಾಳೆ ಎಂದು. ಅಂಗಡಿಯವನು ಆಕೆ ಆಮೇಲೆ ಈ ದಾರಿಯಲ್ಲಿ ಬಂದದ್ದೇ ಇಲ್ಲ ಎಂದ. ಬಂದರೆ ಏನಾದರೂ ಹೇಳಬೇಕೇ ಎಂದೂ ಕೇಳಿದ. ಅಪ್ಪ ಕೌಂಟರಿನ ಮೇಲಿದ್ದ ಪೆನ್ಸಿಲುಗಳನ್ನು ಸಾಲಾಗಿ ಜೋಡಿಸಿ, ಹಾಗೇ ಹೊರಬಂದ.

ದಾರಿಯಲ್ಲಿ ಹೇಳಿದ: "ಇದನ್ನ ಆವತ್ತೇ ನನಗೆ ಹೇಳಿದ್ರೆ ಕೀಲಿ ನಾನೇ ಕೊಡ್ತಿದ್ದೆ. ನೀವು ಕೇಳಲೇ ಇಲ್ಲ."

ಪಕ್ಕದಲ್ಲಿ ನಡೆದೆ. ರಸ್ತೆ ದಾಟುವಾಗ ಅಪ್ಪ ನನ್ನ ತೋಳು ಹಿಡಿದುಕೊಂಡ. ದಾಟಿದ ಮೇಲೆ ಬಿಟ್ಟ.

ಏಪ್ರಿಲ್ 13, ಭಾನುವಾರ

ಅಪ್ಪ ಇವತ್ತು ಕಾರಿನ ಬ್ಯಾಟರಿಯನ್ನು ತಾನೇ ಕಳಚಿ ಗ್ಯಾರೇಜಿನ ಹಲಗೆಯ ಮೇಲಿಟ್ಟ. ಮೊದಲು ಕಪ್ಪು ತಂತಿ, ಆಮೇಲೆ ಕೆಂಪು. ತಿಂಗಳಿಗೊಮ್ಮೆ ಚಾರ್ಜು ಮಾಡು, ಸುಮ್ಮನೆ ಬಿಟ್ಟರೆ ಸಾಯುತ್ತದೆ ಎಂದು ನನಗೆ ಹೇಳಿದ. ಆಮೇಲೆ ಡ್ಯಾಶ್‌ಬೋರ್ಡನ್ನು ಇಬ್ಬರೂ ಸೇರಿ ಮತ್ತೆ ಕೂಡಿಸಿದೆವು. ನಾನು ಕಂದು ವೈರಿಗೆ ಮಾಡಿದ್ದ ಗಾಯವನ್ನು ಅಪ್ಪ ತಾನೇ ಬೆಸುಗೆ ಹಾಕಿ ಮುಚ್ಚಿದ. ಕಾರನ್ನು ಮಾರುವ ಮಾತು ಅಣ್ಣ ಎತ್ತಿದ್ದಕ್ಕೆ, ನನಗೆ ತಿಳಿವಳಿಕೆ ಇರುವಷ್ಟು ದಿನ ಅದನ್ನು ನನ್ನನ್ನು ಕೇಳಿಯೇ ಮಾಡಿ ಎಂದ ಅಪ್ಪ.

ನನ್ನ ಟೀ ಲೋಟ ಇವತ್ತು ಇತ್ತು.

ಏಪ್ರಿಲ್ 27, ಭಾನುವಾರ

ಅಪ್ಪ ಗ್ಯಾರೇಜಿನಿಂದ ದಡದಡ ಒಳಗೆ ಬಂದ. "ನನ್ನ ಕಾರಿನ ಬ್ಯಾಟರಿ ಯಾರು ಬಿಚ್ಚಿದ್ದು?"

ನೀನೇ ಅಪ್ಪ, ಎಂದರೆ ಮುಗಿಯುತ್ತಿತ್ತು. ಸುಳ್ಳೂ ಅಲ್ಲ. ಅಮ್ಮ ಕಣ್ಣಿನಲ್ಲೇ, ಅಷ್ಟೇ ಹೇಳು, ಎಂದಳು. ಆದರೆ ಯಾಕೆ ಬಿಚ್ಚಿದೆ ಎಂದು ಕೇಳುತ್ತಾನಲ್ಲ. ಕೇಳಿದ. ಕೂರಿಸಿ ಮೊದಲಿಂದ ಹೇಳಿದೆ. ಎಲ್ಲವನ್ನೂ, ನಾನು ಹಾಕಿದ ರಿಲೇ ಸಮೇತ. ಮೊದಲ ಸಲದಷ್ಟೇ ಅವನ ಮುಖ ಆರಿತು. ಅವನಿಗೆ ಇದು ಮೊದಲ ಸಲವೇ.

ಸಂಜೆ ಬಂದು ಪಕ್ಕದಲ್ಲಿ ಕೂತ.

"ಇದನ್ನ ನನಗೆ ಮುಂಚೆ ಹೇಳಿದ್ಯಾ?"

"ಹೇಳಿದ್ದೆ."

"ಮತ್ತೆ ಮರೆತು ಕೇಳಿದ್ರೆ?"

"ಮತ್ತೆ ಹೇಳ್ತೀನಿ."

"ಪೂರ್ತಿ ಹೇಳು. ನಿಮಗೆ ಅನುಕೂಲ ಆಗೋಷ್ಟು ಮಾತ್ರ ಅಲ್ಲ" ಎಂದ.

ಮೇ 9, ಶುಕ್ರವಾರ

ಬಹಳ ದಿನದಿಂದ ಬರೆದಿರಲಿಲ್ಲ. ಕೆಲಸ ಜಾಸ್ತಿ. ಒಂದು ಆಸ್ಪತ್ರೆಯ ಹಳೆಯ ಲಿಫ್ಟು ಪೂರ್ತಿ ಬದಲಾಯಿಸುತ್ತಿದ್ದೇವೆ.

ಅಪ್ಪ ಇವತ್ತು ಮತ್ತೆ ಕೇಳಿದ. ಬ್ಯಾಟರಿಯನ್ನು ಚಾರ್ಜರಿಗೆ ಹಾಕುತ್ತಿದ್ದೆ, ಬಾಗಿಲಲ್ಲಿ ಬಂದು ನಿಂತು, ಇದು ಯಾಕೆ ಇಲ್ಲಿದೆ ಎಂದ. ಸ್ಟೂಲು ಎಳೆದು ಕೂರಿಸಿದೆ. ಫುಟ್‌ಪಾತಿನಿಂದ ಶುರು ಮಾಡಿದೆ. ಎಲ್ಲಿಯೂ ತಡವರಿಸಲಿಲ್ಲ. ನಾನು ಮಾಡಿದ್ದು ಬರುವಾಗ ಕತ್ತಿನವರೆಗೆ ಬಿಸಿಯೇರಿತು, ಅದು ಪ್ರತಿ ಸಲವೂ ಏರುತ್ತದೆ. ಹಾಗೇ ಹೇಳಿ ಮುಗಿಸಿದೆ.

ಕೋಪಕ್ಕೆ ಕಾದಿದ್ದೆ. ಅಪ್ಪ ಕಾರಿನ ಕಡೆ ನೋಡುತ್ತಿದ್ದ. ಅವನ ಹುಬ್ಬು ಮೆಲ್ಲಗೆ ಕೂಡಿಕೊಳ್ಳತೊಡಗಿತು, ಕೋಪಕ್ಕಲ್ಲ.

"ಕರೆಂಟು ಎಲ್ಲಿಂದ ತಗೊಂಡೆ?"

"ಇಗ್ನಿಷನ್ನಿಗೆ ಹೋಗೋ ಕಂದು ವೈರಿಂದ. ಫ್ಯೂಸಿಗಿಂತ ಮುಂಚೆ."

"ಅಂದ್ರೆ ಫ್ಯೂಸು ಕಿತ್ರೂ ತೋರಿಸಲ್ಲ."

"ತೋರಿಸಲ್ಲ."

"ಮೇಲೆ ಟೈಮರು. ಹಗಲಲ್ಲಿ ಮೀಟರಿಗೂ ಸಿಗಲ್ಲ." ಅಪ್ಪ ಕೆನ್ನೆ ಕೆರೆದುಕೊಂಡ. "ಕೆಟ್ಟ ಕೆಲಸ ಕಣೇ. ಬಹಳ ಚೆನ್ನಾಗಿ ಮಾಡಿದೀಯ."

ನಾನು ನಗಲಿಲ್ಲ. ಅಪ್ಪ ಇನ್ನೂ ಯೋಚಿಸುತ್ತಲೇ ಇದ್ದ, ಬೆರಳಿನಿಂದ ಗಾಳಿಯಲ್ಲಿ ವೈರಿನ ದಾರಿ ಎಳೆಯುತ್ತ.

"ಮತ್ತೆ ಇದನ್ನ ಹಿಡಿದೋರು ಯಾರು?"

"ನೀನೇ ಅಪ್ಪ."

"ನಾನಾ?"

"ನೀನೇ. ಬಲ್ಬು ಹಾಕಿಕೊಂಡು ಬೆಳಗ್ಗೆಯಿಂದ ಕಾದು ಕೂತು ಹಿಡಿದೆ."

ಅಪ್ಪ ಸ್ಟೂಲನ್ನು ಕಾರಿನ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ, ಬಲ್ಬು ನಾನು ಹೇಗೆ ಸೇರಿಸಿದ್ದೆ, ಸರಿಯಾಗಿ ಹೇಳು, ಎಂದ. ಹೇಳಿದೆ. ಇನ್ನೊಂದು ಸಲ ಹೇಳು ಎಂದ.